ಮಹಜರ್ ಆಂಟಿ

ನಮ್ಮ ರಸ್ತೆಯ ಮಹಜರ್ ಆಂಟಿ ಹೋದ ತಿಂಗಳು ತೀರಿಕೊಂಡರು. ನಿವಾಸಿಗಳ ಸಂಘದ ಕಾರ್ಯದರ್ಶಿ ನಾನೇ ಆದ್ದರಿಂದ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಹಾಕುವ ಕೆಲಸ ನನ್ನ ಪಾಲಿಗೆ ಬಂತು. 'ನಮ್ಮೆಲ್ಲರ ಪ್ರೀತಿಯ' ಎಂದು ಶುರುಮಾಡಿ ಅಲ್ಲೇ ನಿಂತೆ. ಸುಳ್ಳು ಹೇಳುವುದಕ್ಕೂ ಒಂದು ಮಿತಿ ಬೇಡವೇ? ಬದುಕಿದ್ದಾಗ ಅವರನ್ನು ಕಂಡರೆ ರಸ್ತೆಯ ಅರ್ಧ ಜನಕ್ಕೆ ಆಗುತ್ತಿರಲಿಲ್ಲ. ಉಳಿದರ್ಧ ಜನ ಅವರು ಬರುವುದು ಕಂಡರೆ ಗೇಟಿನ ಹಿಂದೆ ಸರಿಯುತ್ತಿದ್ದರು. ನಾನು ಎರಡೂ ಗುಂಪಿನಲ್ಲಿದ್ದೆ. ಕೊನೆಗೆ 'ನಮ್ಮ ರಸ್ತೆಯ ಹಿರಿಯರು' ಎಂದು ತಿದ್ದಿ ಕಳಿಸಿದೆ. ಸ್ವಲ್ಪ ಹೊತ್ತಿಗೆಲ್ಲ ಕೈ ಮುಗಿದ ಚಿತ್ರಗಳು ಸಾಲುಗಟ್ಟಿ ಬಂದವು.

ಮಹಜರ್ ಆಂಟಿ ಎಂದು ಹೆಸರಿಟ್ಟದ್ದು ರಸ್ತೆಯ ಮಕ್ಕಳು. ಆಮೇಲೆ ದೊಡ್ಡವರ ಬಾಯಿಗೂ ಅದೇ ಹತ್ತಿತು. ಎಲ್ಲಾದರೂ ಕಳ್ಳತನವೋ ಹೊಡೆದಾಟವೋ ಆದರೆ ಪೊಲೀಸರು ಆ ಜಾಗಕ್ಕೆ ಬಂದು, ಅಲ್ಲಿ ಏನೇನು ಕಂಡಿತೆಂದು ಮಹಜರ್ ಬರೆಯುತ್ತಾರೆ. ಸುತ್ತಮುತ್ತಲಿನ ಇಬ್ಬರು ಮರ್ಯಾದಸ್ಥರು 'ಪಂಚರು' ಎಂದು ನಿಂತು, ನೋಡಿ, ಅದಕ್ಕೆ ಸಹಿ ಹಾಕಬೇಕು. ಮುಂದೆ ಕೇಸು ನಡೆದಾಗ ಕೋರ್ಟಿಗೆ ಹೋಗಿ 'ಹೌದು, ಈ ಸಹಿ ನನ್ನದೇ' ಎನ್ನಬೇಕು. ನಮ್ಮ ಕತ್ರಿಗುಪ್ಪೆಯ ಈ ರಸ್ತೆಯಲ್ಲಿ ಮರ್ಯಾದಸ್ಥರಿಗೇನೂ ಬರವಿಲ್ಲ. ಬ್ಯಾಂಕಿನವರಿದ್ದಾರೆ, ಕಾಲೇಜಿನವರಿದ್ದಾರೆ, ರಿಟೈರಾದ ಇಂಜಿನಿಯರುಗಳಿದ್ದಾರೆ. ಆದರೆ ಕಾನ್‌ಸ್ಟೇಬಲ್ ಒಬ್ಬ ಕೈಯಲ್ಲಿ ಪ್ಯಾಡ್ ಹಿಡಿದು "ಸಾರ್, ಒಂದು ಸೈನು" ಎಂದು ಬಂದರೆ ಸಾಕು, ಇಡೀ ರಸ್ತೆಗೆ ಒಟ್ಟಿಗೆ ಸ್ನಾನದ ಹೊತ್ತಾಗಿಬಿಡುತ್ತದೆ.

ಸ್ನಾನಕ್ಕೆ ಹೋಗದೆ ಉಳಿಯುತ್ತಿದ್ದವರು ಅವರೊಬ್ಬರೇ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಮದುವೆ ಆಗಿರಲಿಲ್ಲ. ಯಾಕೆಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಕಾಟನ್ ಸೀರೆ, ಬಿಳಿ ಕ್ಯಾನ್ವಾಸ್ ಶೂ, ಕುತ್ತಿಗೆಗೆ ದಾರ ಕಟ್ಟಿ ನೇತುಹಾಕಿದ ಕನ್ನಡಕ. ದೂರದೂರಿಗೆ ಕೂಗಿ ಮಾತಾಡಬೇಕಿದ್ದ ಟ್ರಂಕ್ ಕಾಲಿನ ಕಾಲದಲ್ಲಿ ಬೆಳೆದ ಗಂಟಲು ಅದು. ಬೆಳಗ್ಗೆ ಹಾಲಿನವನ ಜೊತೆ ಮಾತಾಡಿದರೆ ಹಿಂದಿನ ರಸ್ತೆಯವರಿಗೂ ಹಾಲಿನ ರೇಟು ಗೊತ್ತಾಗುತ್ತಿತ್ತು. ಯಾರ ಗೇಟಿನ ಮುಂದೆ ಯಾರ ಕಾರು ನಿಂತಿದೆ, ಯಾರ ಮನೆಗೆ ಯಾರು ಬಂದರು, ಎಲ್ಲದರಲ್ಲೂ ಮೂಗು ತೂರಿಸುತ್ತಿದ್ದರು. ಕಾಂಪೌಂಡಿನೊಳಗೆ ಬಿದ್ದ ಚೆಂಡನ್ನು ವಾಪಸ್ ಕೊಡುತ್ತಿರಲಿಲ್ಲ. ಯುಗಾದಿಗೊಮ್ಮೆ ಅಷ್ಟೂ ಚೆಂಡುಗಳನ್ನು ಬುಟ್ಟಿಯಲ್ಲಿ ಹೊತ್ತು ತಂದು ರಸ್ತೆಯ ಮಧ್ಯೆ ಸುರಿಯುತ್ತಿದ್ದರು. ಮಕ್ಕಳು ಬೈಯುವುದೋ ಥ್ಯಾಂಕ್ಸ್ ಹೇಳುವುದೋ ತಿಳಿಯದೆ ಓಡಿಹೋಗುತ್ತಿದ್ದವು.

ಅವರು ಮೊದಲ ಸಲ ಪಂಚರಾದದ್ದು ಎದುರು ಮನೆಯ ಅಜ್ಜಿಯ ಸರ ಹೋದಾಗ. ಬೈಕಿನಲ್ಲಿ ಬಂದವರು ಕಿತ್ತ ರಭಸಕ್ಕೆ ಅಜ್ಜಿ ಬಿದ್ದು ಮೊಣಕೈ ಮುರಿದಿತ್ತು. ಕಾನ್‌ಸ್ಟೇಬಲ್ ಮೊದಲು ಕೇಳಿದ್ದು ನನ್ನನ್ನೇ. ಸ್ಕೂಟರಿಗೆ ಕೀಲಿ ಹಾಕುತ್ತಾ, "ಆಫೀಸಿಗೆ ಲೇಟಾಗ್ತಿದೆ ಸಾರ್" ಎಂದೆ.

"ಇವತ್ತು ಸೆಕೆಂಡ್ ಸ್ಯಾಟರ್ಡೇ ಅಲ್ವೇನ್ರೀ?" ಎಂದು ಪಕ್ಕದ ಗೇಟಿನಿಂದ ಆ ಗಂಟಲು ಕೇಳಿತು.

ನನ್ನ ಮುಖ ಹೇಗಾಗಿತ್ತೋ, ಕಾನ್‌ಸ್ಟೇಬಲ್ ನಗು ತಡೆದುಕೊಳ್ಳಲು ಆಕಾಶ ನೋಡಿದ. ಆಂಟಿ ಶೂ ಹಾಕಿಕೊಂಡು ಹೊರಗೆ ಬಂದರು. "ಹೋಗ್ಲಿ ಬಿಡಿ, ನಾನ್ ಹಾಕ್ತೀನಿ."

"ನಿಮಗ್ಯಾಕೆ ಮೇಡಂ ತೊಂದ್ರೆ?"

"ತೊಂದ್ರೆ ಆಗಿರೋದು ಆ ಅಜ್ಜಿಗೆ ಕಣಪ್ಪ. ನಂಗೇನಾಗಿದೆ?"

ಸಹಿ ಹಾಕುವುದೆಂದರೆ ಸುಮ್ಮನೆ ಹಾಕುತ್ತಿರಲಿಲ್ಲ. ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು ರಸ್ತೆಯಲ್ಲೇ ಕೂತು, ಕನ್ನಡಕ ಏರಿಸಿ, ಮಹಜರನ್ನು ಮೊದಲಿಂದ ಕೊನೆಯವರೆಗೂ ಗಟ್ಟಿಯಾಗಿ ಓದುತ್ತಿದ್ದರು. ನಾವೆಲ್ಲ ಕಿಟಕಿಯ ಪರದೆಯ ಹಿಂದೆ ನಿಂತು ಕೇಳುತ್ತಿದ್ದೆವು. "'ಸದರಿ ಸ್ಥಳವನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ' ಅಂತ ಬರ್ದಿದೀರಲ್ಲ, ಬಂದಾಗಿಂದ ಆ ಬೈಕ್ ಮೇಲೇ ಕೂತಿದೀರಪ್ಪ. ಎದ್ದು ಒಂದ್ಸಲ ನೋಡ್ಬಿಡಿ, ಆಮೇಲೆ ಸೈನ್ ಮಾಡ್ತೀನಿ." ಪಾಪ, ಅವನು ಎದ್ದು ನೋಡುತ್ತಿದ್ದ. ಆಮೇಲೆ ಅವನಿಗೆ ಕಾಫಿ ಸಿಗುತ್ತಿತ್ತು. ಕ್ರಮೇಣ ಠಾಣೆಯವರಿಗೆ ರೂಢಿಯಾಯಿತು. ನಮ್ಮ ರಸ್ತೆ, ಅಕ್ಕಪಕ್ಕದ ರಸ್ತೆ, ಒಂದೊಂದು ಸಲ ಹೊಸಕೆರೆಹಳ್ಳಿ ಕಡೆಯದೂ ಸೇರಿ, ಯಾವ ಮಹಜರಿಗೂ ಅವರು ನೆಟ್ಟಗೆ ಆಂಟಿಯ ಮನೆಯ ಬೆಲ್ಲೇ ಒತ್ತುತ್ತಿದ್ದರು. ಎರಡನೆಯ ಸಹಿಗೆ ದಾರಿಯಲ್ಲಿ ಹೋಗುವ ಯಾರನ್ನಾದರೂ ಹಿಡಿದು, ಬೇರೆ ಮನೆಗಳ ಬೆಲ್ಲು ಒತ್ತುವುದನ್ನು ಬಿಟ್ಟೇಬಿಟ್ಟರು. ಆಗ ನಮಗೆ ಎಷ್ಟು ಸಮಾಧಾನವಾಗಿತ್ತೆಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಒಂದು ಸಲ ಕೇಳಿದ್ದೆ, "ಯಾಕೆ ಆಂಟಿ, ಈ ವಯಸ್ಸಲ್ಲಿ ಪೊಲೀಸು, ಕೋರ್ಟು?" ಬೀನ್ಸ್ ನಾರು ತೆಗೆಯುತ್ತಾ ಕೂತಿದ್ದರು. "ಎಕ್ಸ್‌ಚೇಂಜಲ್ಲಿ ಬೋರ್ಡ್ ಮೇಲೆ ದೀಪ ಹತ್ಕೊಂಡ್ರೆ ಎತ್ತಲೇಬೇಕಿತ್ತು ಕಣ್ರೀ. ಆ ಕಡೆ ಯಾರು, ಏನ್ ಸಮಾಚಾರ, ನಮಗೆ ಬೇಕಾದವರೋ ಬೇಡದವರೋ, ಅದೆಲ್ಲ ಆಮೇಲೆ. ಕರೆ ಬಂದ್ರೆ ಎತ್ತಬೇಕು. ಅದೇ ಅಭ್ಯಾಸ ಆಗ್ಬಿಟ್ಟಿದೆ, ಏನ್ ಮಾಡ್ಲಿ." ಹೀಗೆಂದು, ಅರ್ಧ ಬೀನ್ಸನ್ನು ನನ್ನ ಮುಂದೆ ತಳ್ಳಿ, ನನ್ನ ಕೈಯಲ್ಲೂ ನಾರು ತೆಗೆಸಿದರು.

ಊರು ಬೆಳೆಯುತ್ತಾ ಬಂತು. ನಮ್ಮ ರಸ್ತೆಯ ತಾರಸಿ ಮನೆಗಳು ಒಂದೊಂದಾಗಿ ಬಿದ್ದು ನಾಲ್ಕು ಮಹಡಿಯ ಪೀಜಿಗಳೆದ್ದವು. ಮೇನ್ ರೋಡಿಗೆ ಬಾರ್ ಬಂತು. ಯಾರ್ಯಾರೋ ಹುಡುಗರು ಬೈಕ್ ನಿಲ್ಲಿಸಿಕೊಂಡು, ಬರ್ತ್‌ಡೇ ಕೇಕನ್ನು ಲಾಂಗಿನಲ್ಲಿ ಕತ್ತರಿಸಿ ವಿಡಿಯೋ ಮಾಡಿಕೊಳ್ಳುವುದೂ ಶುರುವಾಯಿತು. ಲಾಂಗ್ ಎಂದರೆ ತೋಳಿನಷ್ಟು ಉದ್ದದ ಮಚ್ಚು. ಆಂಟಿ ಅವರ ಹತ್ತಿರವೇ ಹೋಗಿ, "ಮನೇಲಿ ಚಾಕು ಇಲ್ವೇನ್ರೋ?" ಎಂದು ಕೇಳಿ ಬಂದಿದ್ದರು. ಹುಡುಗರು ಅವರಿಗೂ ಒಂದು ತುಂಡು ಕೇಕು ಕೊಟ್ಟರಂತೆ. "ತಿಂದ್ರಾ ಆಂಟಿ?" ಎಂದರೆ, "ಎಗ್‌ಲೆಸ್ಸಾ ಅಂತ ಕೇಳ್ದೆ, ಅಲ್ಲ ಅಂದ್ರು" ಎಂದರು.

ಆದರೆ ಆ ನಗು ಬರಬರುತ್ತಾ ಕಡಿಮೆಯಾಯಿತು. ಪೀಜಿಯೊಂದರ ಬಾಗಿಲಲ್ಲಿ, ಬಿಟಿಎಂ ಲೇಔಟಿನ ಕಡೆ ಕೆಲಸಕ್ಕೆ ಹೋಗುತ್ತಿದ್ದ ಹುಡುಗಿಯೊಬ್ಬಳಿಗೆ, ಹಿಂದೆ ಬಿದ್ದಿದ್ದ ಒಬ್ಬ ಚಾಕು ಹಾಕಿದ. ಅವಳು ಉಳಿಯಲಿಲ್ಲ. ಆ ಮಹಜರಿಗೆ ಸಹಿ ಹಾಕಿ ಬಂದ ದಿನ ಆಂಟಿ ನಮ್ಮ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಆ ಹುಡುಗಿ ಚಪ್ಪಲಿ ಹೊಸದು ಕಣ್ರೀ. ಸ್ಟಿಕ್ಕರ್ ಕೂಡ ಕಿತ್ತಿರಲಿಲ್ಲ." ನನ್ನ ಹೆಂಡತಿ ಕೊಟ್ಟ ಕಾಫಿ ಆರಿಹೋಯಿತು. ಲೋಟ ಪಕ್ಕಕ್ಕಿಟ್ಟು ಅಂದರು, "ಮೊದ್ಲೆಲ್ಲ ಮಹಜರಲ್ಲಿ ಬೀಗ, ಚಿಲಕ, ಕಬ್ಬಿಣದ ರಾಡು ಅಂತಿರ್ತಿತ್ತು. ಈಗ ಓದೋಕೆ ಕೂತ್ರೆ ರಕ್ತದ ಕಲೆ, ರಕ್ತದ ಕಲೆ. ಏರಿಯಾ ಡೆವಲಪ್ ಆಯ್ತು ಅಂತೀರಲ್ಲ, ಇದೇನಾ?"

"ಪಾಪ್ಯುಲೇಷನ್ ಜಾಸ್ತಿ ಆಯ್ತಲ್ಲ ಆಂಟಿ" ಎಂದೆ. ಕಾರ್ಯದರ್ಶಿಗಳು ಸಾಮಾನ್ಯವಾಗಿ ಕೊಡುವ ಉತ್ತರ.

ನಾನೇನೂ ಸುಮ್ಮನೆ ಕೂತಿರಲಿಲ್ಲ, ಅದನ್ನೂ ಹೇಳಬೇಕು. ಹೆಚ್ಚುತ್ತಿರುವ ಅಪರಾಧಗಳ ಬಗ್ಗೆ ಮನವಿ ಬರೆದು ಠಾಣೆಗೆ ಕೊಟ್ಟೆ. ಕೊಡುತ್ತಿರುವಾಗ ಫೋಟೋ ತೆಗೆಸಿ ಗುಂಪಿಗೆ ಹಾಕಿದೆ. 'ಎಚ್ಚರ, ನೀವು ನಿಗಾದಲ್ಲಿದ್ದೀರಿ' ಎಂದು ಬೋರ್ಡು ಬರೆಸಿದೆ. ಸಂಘದಿಂದ ಕ್ಯಾಮೆರಾ ಹಾಕಿಸಿದೆ. ಅದನ್ನು ಯಾವ ಕಡೆ ತಿರುಗಿಸಬೇಕೆಂಬ ಚರ್ಚೆಯಲ್ಲಿ ಬಹುಮತ ಬಂದದ್ದು ಮೂಲೆಯ ಕಸದ ರಾಶಿಗೆ. ಬೇರೆ ರಸ್ತೆಯವರು ಬಂದು ಕಸ ಎಸೆದು ಹೋಗುತ್ತಾರೆಂಬುದು ನಮ್ಮೆಲ್ಲರ ದೊಡ್ಡ ಸಂಕಟವಾಗಿತ್ತು. ಆಂಟಿ ಒಬ್ಬರೇ, "ಮನುಷ್ಯರು ಓಡಾಡೋ ಕಡೆ ತಿರುಗಿಸ್ರೀ" ಎಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಇನ್ನು ಆ ಭಾನುವಾರದ ಸಂಜೆ. ಇದನ್ನು ಬಿಟ್ಟು ಆಂಟಿಯ ಬಗ್ಗೆ ಬರೆದರೆ ಬರೆದಂತಾಗುವುದಿಲ್ಲ. ಬಿಟ್ಟೇ ಬರೆಯೋಣವೆಂದು ಎರಡು ಸಲ ಪ್ರಯತ್ನಪಟ್ಟಿದ್ದೇನೆ.

ಮೂಲೆಮನೆಯ ನೆಲಮಹಡಿಯಲ್ಲಿ ಒಬ್ಬ ಕ್ಯಾಬ್ ಡ್ರೈವರ್, ಅವನ ಹೆಂಡತಿ ಬಾಡಿಗೆಗಿದ್ದರು. ಅವಳು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ಅವನು ಸಂಜೆ ಬಂದ ಕೂಡಲೇ ಕಾರನ್ನು ಒರೆಸುತ್ತಾ ನಿಲ್ಲುತ್ತಿದ್ದ. ನಾನು ಕಂಡರೆ "ನಮಸ್ಕಾರ ಸಾರ್" ಎನ್ನುತ್ತಿದ್ದ. ಆ ಸಂಜೆ ಬೀದಿದೀಪ ಆಗತಾನೆ ಹತ್ತಿತ್ತು. ನಾನು ಮೊದಲ ಮಹಡಿಯ ಬಾಲ್ಕನಿಯಲ್ಲಿ ಕರಿಬೇವಿನ ಕುಂಡಕ್ಕೆ ನೀರು ಹಾಕುತ್ತಿದ್ದೆ. ಇಬ್ಬರಿದ್ದ ಒಂದು ಬೈಕ್ ಜೋರಾಗಿ ಬಂದು ಅವನ ಕಾರಿನ ಕನ್ನಡಿಗೆ ತಗುಲಿತು.

"ನೋಡ್ಕೊಂಡ್ ಓಡ್ಸು ಗುರು" ಎಂದ ಅವನು. ಅಷ್ಟೇ ಅಂದದ್ದು. ಬೇರೆ ಒಂದು ಮಾತೂ ಆಡಲಿಲ್ಲ.

ಬೈಕಿನವರು ಗುರಾಯಿಸಿ ಹೋದರು. ನನ್ನ ಕುಂಡಗಳಿಗಿನ್ನೂ ನೀರು ಹಾಕಿ ಮುಗಿದಿರಲಿಲ್ಲ, ಅಷ್ಟರಲ್ಲಿ ಮೂವರಾಗಿ ವಾಪಸ್ ಬಂದರು. ಒಬ್ಬನ ಕೈಯಲ್ಲಿ ಲಾಂಗ್ ಇತ್ತು. ಅವನ ಮುಖದ ಮೇಲೆ ಬೀದಿದೀಪ ನೇರವಾಗಿ ಬೀಳುತ್ತಿತ್ತು. ಡ್ರೈವರ್ ಹಿಂದೆ ಹಿಂದೆ ಸರಿಯುತ್ತಾ ತಲೆಯೆತ್ತಿದ. ನನ್ನನ್ನು ನೋಡಿದ. "ಸಾರ್!" ಎಂದು ಕೂಗಿದ.

ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಒಳಗಿನಿಂದಲೇ ಕಾರ್ಯದರ್ಶಿಯ ಕರ್ತವ್ಯವನ್ನೂ ಮಾಡಿದೆ. 'ನಮ್ಮ ರಸ್ತೆಯಲ್ಲಿ ಏನೋ ಗಲಾಟೆ. ಎಲ್ಲರೂ ದಯವಿಟ್ಟು ಮನೆಯೊಳಗೇ ಇರಿ' ಎಂದು ಗುಂಪಿಗೆ ಹಾಕಿದೆ. ಎಲ್ಲರೂ ಒಳಗೇ ಇದ್ದರು.

ಆಂಟಿ ಗುಂಪಿನಲ್ಲಿರಲಿಲ್ಲ, ಅವರದು ಬಟನ್ ಫೋನು. ಅವರು ಹೊರಗೆ ಬಂದರು. ಲಾಂಗ್ ಹಿಡಿದವನು ಅವರ ಕಣ್ಣೆದುರೇ ಡ್ರೈವರನನ್ನು ಕಡಿದು, ಅವರ ಎದುರಿಗೇ ಹಾದು ಬೈಕ್ ಹತ್ತಿದನಂತೆ. ನಾನು ಮತ್ತೆ ಬಾಗಿಲ ಸಂದಿಯಿಂದ ನೋಡಿದಾಗ ಆಂಟಿ ರಸ್ತೆಯ ಮೇಲೆ ಕಾಲು ಚಾಚಿ ಕೂತಿದ್ದರು. ಡ್ರೈವರನ ತಲೆ ಅವರ ತೊಡೆಯ ಮೇಲಿತ್ತು. ಹೊಲಿಗೆ ಮೆಷಿನ್ನಿನ ಸದ್ದಿನಲ್ಲಿ ಏನೂ ಕೇಳಿಸದೆ ತಡವಾಗಿ ಓಡಿಬಂದಿದ್ದ ಅವನ ಹೆಂಡತಿ ಪಕ್ಕದಲ್ಲಿ ಕಿರುಚುತ್ತಿದ್ದಳು. ಆಂಬುಲೆನ್ಸ್ ಬರುವ ಹೊತ್ತಿಗೆ ಅವನ ಜೀವ ಹೋಗಿತ್ತು.

ಪೊಲೀಸರು ಮನೆಮನೆಗೂ ಬಂದರು. ನಾನು ಟಿವಿ ನೋಡುತ್ತಿದ್ದೆನೆಂದು ಹೇಳಿದೆ. ಹೇಳುವ ಮೊದಲು ಹೆಂಡತಿ ಅಡುಗೆಮನೆಗೆ ಕರೆದು, "ನೋಡ್ರೀ, ನಮ್ ಹುಡುಗಿ ದಿನಾ ಅದೇ ದಾರೀಲಿ ಕಾಲೇಜಿಗೆ ಹೋಗ್ತಾಳೆ. ಅವ್ರು ನಾಳೆ ಬೇಲ್ ಮೇಲೆ ಬಂದ್ರೆ ಯಾರ್ ದಿಕ್ಕು?" ಎಂದಿದ್ದಳು. ಅವಳು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಆದರೆ ಅವಳು ಹೇಳದಿದ್ದರೂ ನಾನು ಟಿವಿಯನ್ನೇ ನೋಡುತ್ತಿದ್ದೆ. ಅವಳ ಮೇಲೆ ಹಾಕಿ ತಪ್ಪಿಸಿಕೊಳ್ಳುವುದು ಬೇಡ. ಕ್ಯಾಮೆರಾದಲ್ಲಿ ಏನಿದೆಯೆಂದು ಇನ್ಸ್‌ಪೆಕ್ಟರ್ ಕೇಳಿದರು. ತೋರಿಸಿದೆ. ಕಸದ ರಾಶಿ, ಅದರ ಮುಂದೆ ಒಂದು ಹಸು. ಅವರು ನನ್ನ ಮುಖ ನೋಡಿ, ಟೋಪಿ ಹಾಕಿಕೊಂಡು ಎದ್ದರು.

ಕೊಲೆಯನ್ನು ಕಂಡ ಸಾಕ್ಷಿ ಎಂದು ಆಂಟಿಯೊಬ್ಬರೇ ಸಿಕ್ಕರು. ಮಹಜರಿಗೆ ಸಹಿ ಹಾಕಲೂ ರಸ್ತೆಯಿಂದ ಬೇರೆ ಯಾರೂ ಸಿಗದೆ, ಎಂದಿನಂತೆ ಅದಕ್ಕೂ ಅವರನ್ನೇ ಹಿಡಿದರು.

ಕೋರ್ಟಿನ ದಿನ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಅಷ್ಟಾದರೂ ಮಾಡೋಣ ಎಂಬ ಚಿಲ್ಲರೆ ಸಮಾಧಾನ. ಆಂಟಿ ರೇಷ್ಮೆ ಸೀರೆ ಉಟ್ಟಿದ್ದರು, ಕಾಲಿಗೆ ಅದೇ ಕ್ಯಾನ್ವಾಸ್ ಶೂ. ಕಟಕಟೆಯಲ್ಲಿ ನಿಂತು, ಲಾಂಗ್ ಹಿಡಿದವನನ್ನು ಬೆರಳು ಮಾಡಿ ತೋರಿಸಿದರು. ಅವರ ಗಂಟಲು ಕೇಳಿ ಹಿಂದೆ ತೂಕಡಿಸುತ್ತಿದ್ದವರೆಲ್ಲ ಎಚ್ಚರಾದರು. ಡ್ರೈವರನ ಹೆಂಡತಿ ನನ್ನ ಪಕ್ಕದ ಬೆಂಚಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು.

ಆಮೇಲೆ ಆರೋಪಿಯ ವಕೀಲ ಎದ್ದ. ಬಹಳ ವಿನಯದ ಮನುಷ್ಯ. "ಅಮ್ಮಾ, ಸರ ಕಿತ್ತ ಕೇಸಿಗೆ ಪಂಚರು ನೀವೇನಾ?"

"ಹೌದು."

"ಬಾರ್ ಮುಂದಿನ ಗಲಾಟೆಗೆ?"

"ಹೌದು."

"ಪೀಜಿ ಹುಡುಗಿ ಕೇಸಿಗೆ?" ಹೀಗೆ ಒಂದೊಂದನ್ನೇ ಕೇಳುತ್ತಾ ಹೋದ. ಆಂಟಿ ಎಲ್ಲಕ್ಕೂ ಹೌದು ಎಂದರು. ಪೊಲೀಸರು ಕರೆದಾಗಲೆಲ್ಲ ಬರುವ ಸಾಕ್ಷಿ, ಪೊಲೀಸರು ಇವರ ಮನೆಯಲ್ಲಿ ಕಾಫಿ ಕುಡಿಯುವಷ್ಟು ಸಲಿಗೆ, ಇವರು ಹೇಳುವುದನ್ನೆಲ್ಲ ಠಾಣೆಯಲ್ಲೇ ಹೇಳಿಕೊಟ್ಟಿದ್ದಾರೆ ಎಂದು ಜಡ್ಜ್ ಕಡೆ ತಿರುಗಿ ಹೇಳಿದ. ಕೊನೆಗೆ ಆಂಟಿಯ ಕಡೆ ತಿರುಗಿ, "ಅಷ್ಟೊಂದು ಮನೆಗಳಿರೋ ರಸ್ತೆ ಅಮ್ಮ. ಭಾನುವಾರ ಸಂಜೆ. ನಿಮ್ಮೊಬ್ಬರಿಗೇ ಕಂಡಿದ್ದು ಹೇಗೆ?" ಎಂದು ಕೇಳಿದ.

ಆಂಟಿ ಒಂದು ಸಲ ತಲೆಯೆತ್ತಿ ನಾನು ಕೂತ ಕಡೆ ನೋಡಿದರು. ಬೆರಳು ಮಾಡಿದ್ದರೆ ಸಾಕಿತ್ತು. "ಅದು ನಂಗೊತ್ತಿಲ್ಲ ಸ್ವಾಮಿ. ನಾನ್ ಕಂಡಿದ್ದು ನಾನ್ ಹೇಳ್ದೆ" ಎಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಆ ವಕೀಲನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನು ಕೇಳಿದ್ದು ನ್ಯಾಯವಾದ ಪ್ರಶ್ನೆ. ನಾವು ಒಬ್ಬೊಬ್ಬರೂ ಒಂದೊಂದು ಸಹಿ ಹಾಕಿದ್ದರೆ ಅವರ ಸಹಿ ಎಲ್ಲ ಕಡೆ ಇರುತ್ತಿರಲಿಲ್ಲ. ನಾವು ತಪ್ಪಿಸಿಕೊಂಡದ್ದನ್ನೆಲ್ಲ ಅವರು ಹೊತ್ತರು, ಹೊತ್ತದ್ದೇ ಅವರ ತಪ್ಪಾಯಿತು. ಬೇಕಾಗಿದ್ದ ದಿನ ಅವರ ಮಾತಿಗೆ ಬೆಲೆ ಇಲ್ಲದಂತೆ ಮಾಡಿದವರು ನಾವು.

ವಾಪಸ್ ಬರುವಾಗ ಸೌತ್ ಎಂಡ್ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಆಂಟಿ ಹೇಳಿದರು. "ಅವತ್ತು ಅವನು ನನ್ನ ಕರೀಲಿಲ್ಲ ಕಣ್ರೀ. 'ಸಾರ್' ಅಂತ ಕೂಗಿದ. ನನ್ನ ಯಾರೂ ಸಾರ್ ಅನ್ನಲ್ಲ. ಇನ್ಯಾರದೋ ಕಾಲ್ ನಾನು ಎತ್ತಿದೆ."

ನಾನು ಸ್ಟೇರಿಂಗ್ ಹಿಡಿದು ಮುಂದೆ ನೋಡುತ್ತಿದ್ದೆ. ಸಿಗ್ನಲ್ ಬಿಟ್ಟದ್ದೂ ನನಗೆ ತಿಳಿಯಲಿಲ್ಲ, ಹಿಂದಿನವರೆಲ್ಲ ಹಾರ್ನ್ ಹೊಡೆಯತೊಡಗಿದರು. "ಹಸಿರು ಬಿತ್ತು, ನಡೀರಿ" ಎಂದರು ಆಂಟಿ. ಆ ವಿಷಯವನ್ನು ಮತ್ತೆಂದೂ ನನ್ನ ಹತ್ತಿರ ಎತ್ತಲಿಲ್ಲ. ಎತ್ತಿ ಬೈದುಬಿಟ್ಟಿದ್ದರೆ ಚೆನ್ನಾಗಿತ್ತು. ಚೆಂಡು ಬಿದ್ದದ್ದಕ್ಕೆ ಅಷ್ಟು ಬೈಯುತ್ತಿದ್ದವರು.

ಕೇಸು ಇನ್ನೂ ನಡೆಯುತ್ತಲೇ ಇದೆ. ಅಷ್ಟರಲ್ಲಿ ಆಂಟಿಗೆ ಒಂದು ಬೆಳಗ್ಗೆ ಹಾಲಿನವನ ಜೊತೆ ಜಗಳವಾಡುತ್ತಿರುವಾಗಲೇ ಎದೆನೋವು ಬಂತು. ಮೈಸೂರಿನಿಂದ ತಮ್ಮನ ಮಗ ಬಂದು ಎಲ್ಲ ಮಾಡಿದ. ವೈಕುಂಠ ಸಮಾರಾಧನೆಯ ಊಟ ಶ್ರೀನಗರದ ಒಂದು ಸಣ್ಣ ಛತ್ರದಲ್ಲಿ. ರಸ್ತೆಯವರು ಬರಲಾರರೆಂದುಕೊಂಡಿದ್ದೆ. ಎಲ್ಲರೂ ಬಂದಿದ್ದರು, ಊಟ ತಾನೇ. ನಾನು ಪಂಚೆ ಮೇಲೆತ್ತಿ ಕಟ್ಟಿ ಬಡಿಸಲು ನಿಂತೆ. ಕೈಯಲ್ಲಿ ಪಾಯಸದ ಬಕೆಟ್ಟಿತ್ತು.

ಕೊನೆಯ ಸಾಲಿನಲ್ಲಿ ಡ್ರೈವರನ ಹೆಂಡತಿ ಕೂತಿದ್ದಳು. ಎಲೆಯ ಮೇಲೆ ಕೈ ಅಡ್ಡ ಹಿಡಿದು, "ಸಾಕು ಸಾರ್" ಎಂದಳು. ಆಮೇಲೆ ದನಿ ತಗ್ಗಿಸಿ, "ಸಾರ್, ಒಂದ್ ವಿಷ್ಯ ಕೇಳ್ಬೇಕಿತ್ತು. ನೀವು ಸೆಕ್ರೆಟರಿ ಅಲ್ವಾ, ನಿಮಗೆ ಗೊತ್ತಿರ್ಬೋದು. ಅವತ್ತು ಇನ್ನೊಬ್ರು ನೋಡಿದ್ದಾರೆ ಅಂತ ಆಂಟಿ ಹೇಳ್ತಿದ್ರು. ಯಾರು ಅಂದ್ರೆ ಹೇಳ್ತಿರಲಿಲ್ಲ. ಅವ್ರ ಕಾಲ್ ಅವ್ರೇ ಎತ್ತಬೇಕು ಕಣಮ್ಮ, ನಾನ್ ಹೆಸರು ಹೇಳಿ ಎಳ್ಕೊಂಡ್ ಬರೋದಲ್ಲ ಅಂತಿದ್ರು. ಯಾರ್ ಸಾರ್ ಅದು?"

"ವಿಚಾರಿಸ್ತೀನಮ್ಮ" ಎಂದೆ. ನಾಲಿಗೆಗೆ ಅಭ್ಯಾಸವಾಗಿಬಿಟ್ಟ ಮಾತು. ನೀರು ಬರದಿದ್ದರೂ ಅದೇ, ದೀಪ ಕೆಟ್ಟರೂ ಅದೇ.

"ವಿಚಾರ್ಸಿ ಸಾರ್. ಲಾಯರ್ ಹೇಳಿದ್ರು, ಈಗ್ಲೂ ಅರ್ಜಿ ಹಾಕಿ ಕರೆಸ್ಬೋದಂತೆ. ಅವ್ರು ಒಳ್ಳೇವ್ರೇ, ಸ್ವಲ್ಪ ನಿಧಾನ ಅಷ್ಟೆ, ಬರ್ತಾರೆ ನೋಡು ಅಂತ ಆಂಟಿ ಕೊನೇವರ್ಗೂ ಹೇಳ್ತಿದ್ರು."

ನಾನು ಮುಂದಿನ ಎಲೆಗೆ ಹೋದೆ. ಒಂದು ಸೌಟು ಬಡಿಸಿದೆ. ಅದರ ಮುಂದಿನ ಎಲೆಗೂ ಹೋದೆ. ಒಳ್ಳೇವ್ರೇ ಎಂದಿದ್ದರಂತೆ. ಗೇಟಿನ ಹಿಂದೆ ಅಡಗಿದವನನ್ನು, ಸೆಕೆಂಡ್ ಸ್ಯಾಟರ್ಡೇ ಆಫೀಸಿಗೆ ಹೊರಟವನನ್ನು, ಬಾಲ್ಕನಿಯ ಬಾಗಿಲು ಹಾಕಿಕೊಂಡವನನ್ನು ಒಳ್ಳೆಯವನೆಂದು ಹೇಳಿ ಹೋಗಿದ್ದರು. ಮಗಳ ಮುಖ ಕಣ್ಮುಂದೆ ಬಂತು. ಅವಳು ನಡೆದು ಹೋಗುವ ದಾರಿಯೂ ಬಂತು. ಹೆದರಿಕೆ ಹಾಗೇ ಇತ್ತು, ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ.

"ಸಾರ್" ಎಂದು ಹಿಂದಿನಿಂದ ಅವಳು ಕರೆದಳು. ನೀರು ಕೇಳಲೋ, ಇನ್ನೇನಕ್ಕೋ. ಅವಳ ಗಂಡ ಕರೆದದ್ದೂ ಹೀಗೇ.

ತಿರುಗಿ ಬಂದೆ. ಬಕೆಟ್ಟನ್ನು ಕೆಳಗಿಟ್ಟು ಅವಳ ಎಲೆಯ ಎದುರು ಕುಕ್ಕರಗಾಲಲ್ಲಿ ಕೂತೆ. "ವಿಚಾರಿಸೋದೇನಿಲ್ಲಮ್ಮ. ಅದು ನಾನೇ. ಬಾಲ್ಕನೀಲಿದ್ದೆ. ನಿಮ್ಮನೆಯವರು ನನ್ನೇ ಕರೆದಿದ್ದು."

ಅವಳು ನನ್ನನ್ನೇ ನೋಡಿದಳು. ಕಲಸಿದ ಅನ್ನವನ್ನು ಹಾಗೇ ಬಿಟ್ಟು ಎಲೆ ಮಡಚಿದಳು. ಎದ್ದು ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಳ್ಳುತ್ತಾ ನನ್ನ ಹತ್ತಿರ ಬಂದು ನಿಂತಳು.

"ಸೋಮವಾರ ಡೇಟ್ ಇದೆ" ಎಂದಳು. ಸಾರ್ ಎನ್ನಲಿಲ್ಲ.